ತುಂಬಿಸಿದ ಹಲ್ಲಿನ ಪರಾಮರಿಕೆ

ಹುಳುಕಾದ ಹಲ್ಲನ್ನು ದಂತವೈದ್ಯರ ಬಳಿ ತುಂಬಿಸಿಕೊಂಡು ಬಂದವರು ಇನ್ನು ಆ ಹಲ್ಲಿಗೆ ಭಯವಿಲ್ಲವೆಂದು ನೆನಸುವದು ಸಾಧಾರಣವಾಗಿದೆ. ಒಂದು ದಿನದ ಕೂಲಿಯನ್ನು ಬಿಟ್ಟು, ಬಸ್ಸಿನ ಖರ್ಚನ್ನೂ ವೈದ್ಯರ ಫೀಸನ್ನೂ ಕೊಟ್ಟವರು ಹಾಗೆ ನೆನಸಿದರೆ ಆಶ್ಚರ್ಯವೇನು? ಕೆಲವು ವರುಷಗಳಾದ ಮೇಲೆ ಅದೇ ಹಲ್ಲು ತಿರಿಗಿ ನೋಯಲಾರಂಭಿಸಿದರೆ, ಸಿಮೆಂಟು ಒಳ್ಳೇದಲ್ಲವೆಂದು ದೂರುತ್ತಾರೆ. ಕೆಲವು ಸಾರಿ ಆ ದೂರು ನಿಜವೇ. ಆದರೆ ಅನೇಕ ಸಾರಿ ತುಂಬಿದ ಪದಾರ್ಥವು ಗಟ್ಟಿಯಾಗಿಯೇ ಇದ್ದು, ಅದರ ಅಂಚಿನಲ್ಲಿರುವ ಹಲ್ಲೇ ಹೊಸದಾಗಿ ಕೊಳೆತಿರುವದು.

ಹುಳುಕು ಎಂಬ ಮಾತನ್ನು ಕೇಳಿದರೆ ಹುಳವು ನೆನಪಿಗೆ ಬರುವದು. ಯೂರೋಪಿನವರೂ ಬಹುಕಾಲ ಹಲ್ಲಿನೊಳಗೆ ಹುಳವಿದೆಯೆಂದೇ ನಂಬಿದ್ದರು. ಫ್ರಾನ್ಸ್ ದೇಶದ ಪಿಯೇರ್ ಫೋಶಾರನು 1728ರಲ್ಲಿ ತನ್ನ ದಂತವೈದ್ಯ ಗ್ರಂಥದಲ್ಲಿ ಆ ನಂಬಿಕೆಯನ್ನು ತಳ್ಳಿಹಾಕಿದನು. ಬರ್ಲಿನಿನಲ್ಲಿ ಕೆಲಸಮಾಡುತ್ತಿದ್ದ ಮಿಲ್ಲರ್ ಎಂಬವನು 1890ರಲ್ಲಿ ನಿಜವಾದ ಕಾರಣವನ್ನು ವಿವರಿಸಿದನು. ಹೇಗಂದರೆ, ಬಾಯಲ್ಲಿರುವ ಸೂಕ್ಷ್ಮಜೀವಿಗಳು ನಾವು ತಿಂದ ಸಕ್ಕರೆ, ಬೆಲ್ಲ, ಹಿಟ್ಟುಗಳ ಶೇಷವನ್ನು ತಿಂದು ಹುಳಿಯನ್ನುಂಟುಮಾಡುತ್ತವೆ. ಆ ಹುಳಿಯು ಹಲ್ಲಿನ ಸುಣ್ಣದಂಶವನ್ನು ಕರಗಿಸುತ್ತದೆ. ವೈದ್ಯರು ತೂತನ್ನು ಮುಚ್ಚುತ್ತಾರೆಯೇ ಹೊರತು ಈ ಜೀವಿಗಳನ್ನು ಬಾಯಿಂದ ಹೊರಡಿಸುವದಿಲ್ಲ.

ಗೋಡೆಯ ಬಿರುಕಿಗೆ ಗಾರೆ ಮೆತ್ತಿದಾಗ, ಹಳೆಯದೂ ಹೊಸದೂ ಸೇರುವ ಗೆರೆಯಲ್ಲಿಯೇ ಮೊದಲು ನೀರು ಇಳಿಯುವದನ್ನು ನೀವು ಕಂಡಿದ್ದೀರಿ. ಹಲ್ಲಿನಲ್ಲಿಯೂ ಹಾಗೆಯೇ. ಪಾದರಸ ಬೆರೆತ ಬೆಳ್ಳಿಯಾಗಲಿ, ಹಲ್ಲಿನ ಬಣ್ಣದ ರಾಳವಾಗಲಿ, ಗಾಜಿನ ಪುಡಿಯಿಂದಾದ ಸಿಮೆಂಟಾಗಲಿ, ಎಲ್ಲಕ್ಕೂ ಅಂಚು ಇದ್ದೇ ಇರುವದು. ಅಲ್ಲಿ ಕೊಳೆ ನಿಂತರೆ ಹುಳುಕು ಒಳಗೆ ನುಸುಳುವದು. ಆಗ ವೈದ್ಯರು ಹಳೇದನ್ನು ತೆಗೆದು, ಕೊಳೆತದ್ದನ್ನು ಕೆರೆದು, ಮೊದಲಿಗಿಂತ ದೊಡ್ಡ ತೂತನ್ನು ತುಂಬಬೇಕಾಗುವದು. ಒಂದೊಂದು ಸಾರಿಯೂ ಸ್ವಂತ ಹಲ್ಲು ಕಡಿಮೆಯಾಗುತ್ತಾ, ಕಡೆಗೆ ನರದ ವರೆಗೆ ಮುಟ್ಟಿ, ಬೇರಿನ ಚಿಕಿತ್ಸೆಯೂ ಟೋಪಿಯೂ ಬೇಕಾಗುವವು. ಇಲ್ಲವೆ ಹಲ್ಲನ್ನೇ ಕೀಳಿಸಬೇಕಾಗುವದು. ಟೋಪಿ ಹಾಕಿದ ಹಲ್ಲು ಸಹ ಒಸಡಿನ ಬಳಿ ಕೊಳೆಯಬಹುದು.

ಆದಕಾರಣ ತುಂಬಿಸಿದ ಹಲ್ಲಿಗೆ ಬೇರೆ ಹಲ್ಲುಗಳಿಗಿಂತ ಹೆಚ್ಚು ಜಾಗ್ರತೆ ಬೇಕು. ಬೆಳಿಗ್ಗೆ ಒಂದು ಸಾರಿ, ರಾತ್ರಿ ಮಲಗುವ ಮುಂಚೆ ಒಂದು ಸಾರಿ, ಮೃದುವಾದ ಬ್ರಶ್ಶಿನಿಂದ ಉಜ್ಜತಕ್ಕದ್ದು. ಎರಡರಲ್ಲಿ ರಾತ್ರಿಯದೇ ಮುಖ್ಯ. ಯಾಕಂದರೆ ನಿದ್ರೆಯಲ್ಲಿ ಉಗುಳು ಕಡಿಮೆಯಾಗುವದರಿಂದ ಹುಳಿಯನ್ನು ತೊಳೆಯುವದು ಯಾವದೂ ಇರುವದಿಲ್ಲ. ನಮ್ಮ ಜನರು ಬೆಳಿಗ್ಗೆ ಹಲ್ಲುಜ್ಜದೆ ನೀರನ್ನು ಸಹ ಮುಟ್ಟರು, ರಾತ್ರಿಯಾದರೋ ಉಂಡ ಬಾಯಲ್ಲಿಯೇ ಮಲಗುತ್ತಾರೆ! ಫ್ಲೋರೈಡ್ ಇರುವ ಪೇಸ್ಟು ಹಲ್ಲನ್ನು ಗಟ್ಟಿಮಾಡುವದು. ಉಜ್ಜಿದ ಮೇಲೆ ನೊರೆಯನ್ನು ಉಗುಳಬೇಕು, ಬಹಳ ನೀರಿನಿಂದ ಮುಕ್ಕಳಿಸಬಾರದು. ಪಾವಗಡದಂಥ ಸೀಮೆಗಳಲ್ಲಿ ಬಾವಿಯ ನೀರಿನ ಫ್ಲೋರೈಡು ಮಿತಿಮೀರಿ ಹಲ್ಲಿಗೆ ಕಲೆಯನ್ನೂ ಎಲುಬಿಗೆ ಕೇಡನ್ನೂ ಉಂಟುಮಾಡಿದ್ದನ್ನು ಕೇಳಿದವರು ಹೆದರಬಹುದು. ಆ ಕೇಡು ನುಂಗುವದರಿಂದ ಬರುವದು. ಆದದರಿಂದ ಮೂರರಿಂದ ಆರು ವರುಷದ ಮಕ್ಕಳಿಗೆ ಬಟಾಣಿ ಕಾಳಿನಷ್ಟೇ ಪೇಸ್ಟು ಹಾಕಿ, ದೊಡ್ಡವರು ಹತ್ತಿರ ನಿಂತು ಉಗುಳಿಸಬೇಕು.

ಇದ್ದಿಲು, ಇಟ್ಟಿಗೆಪುಡಿ, ಮರಳು ಇವು ಹಲ್ಲನ್ನೂ ತುಂಬಿದ್ದನ್ನೂ ಸವೆಸುತ್ತವೆ. ಹೊಗೆಸೊಪ್ಪಿನ ಪುಡಿಯನ್ನಂತೂ ಬಾಯಿಗೆ ಸೇರಿಸಲೇಬಾರದು. ಬೇವಿನ ಕಡ್ಡಿಯನ್ನು ನಾವು ಹಳಿಯುವದಿಲ್ಲ. ಆದರೆ ಎರಡು ಹಲ್ಲುಗಳ ಸಂದಿಗೆ ಅದು ತಲಪುವದಿಲ್ಲ, ತುಂಬಿದ್ದರ ಅಂಚು ಅನೇಕ ವೇಳೆ ಅಲ್ಲಿಯೇ ಇರುವದು. ಸಂದಿಯನ್ನು ಅದಕ್ಕೆಂದೇ ಮಾರುವ ನೂಲಿನಿಂದ ದಿನಕ್ಕೊಮ್ಮೆ ಮೆಲ್ಲಗೆ ಶುಚಿಮಾಡಬೇಕು. ಪಿನ್ನು, ಸೂಜಿಗಳಿಂದ ಕೆದಕಬಾರದು.

ಸಿಹಿಯ ವಿಷಯದಲ್ಲಿ ಎಷ್ಟು ತಿಂದೆವೆಂಬದಕ್ಕಿಂತ ಎಷ್ಟು ಸಾರಿ ತಿಂದೆವೆಂಬದು ದೊಡ್ಡದು. ಸ್ವೀಡನ್ ದೇಶದ ವಿಪೆಹೋಲ್ಮ್ ಎಂಬ ಆಸ್ಪತ್ರೆಯಲ್ಲಿ 1940ರ ದಶಕದಲ್ಲಿ ಕೆಲವು ವರುಷ ಬುದ್ಧಿಮಾಂದ್ಯರಿಗೆ ಸಕ್ಕರೆಯನ್ನು ಬೇರೆ ಬೇರೆ ವಿಧವಾಗಿ ಕೊಟ್ಟು ಪರೀಕ್ಷಿಸಿದರು. ಊಟದೊಂದಿಗೆ ಕೊಟ್ಟ ಸಕ್ಕರೆಯಿಂದ ಹುಳುಕು ಸ್ವಲ್ಪವೇ ಹೆಚ್ಚಿತು. ಊಟಗಳ ನಡುವೆ ಕೊಟ್ಟ ಅಂಟುವ ಮಿಠಾಯಿಯಿಂದ ಬಹಳ ಹೆಚ್ಚಿತು. ಒಪ್ಪಿಗೆ ಕೊಡಲಾರದವರ ಹಲ್ಲುಗಳನ್ನು ಹೀಗೆ ಕೆಡಿಸಿದ್ದು ಅನ್ಯಾಯವೆಂದೇ ನಮ್ಮ ಅಭಿಪ್ರಾಯ. ಆದರೂ ಅಲ್ಲಿ ತಿಳಿದದ್ದು ನಮಗೆ ಬೇಕಾದದ್ದು: ಹೊಲದಲ್ಲಿಯೂ ಅಂಗಡಿಯಲ್ಲಿಯೂ ಗಳಿಗೆಗೊಮ್ಮೆ ಕುಡಿಯುವ ಸಕ್ಕರೆಯ ಚಹವು ಹಬ್ಬದ ಊಟದ ಪಾಯಸಕ್ಕಿಂತ ಹಲ್ಲಿಗೆ ಹೆಚ್ಚು ಕೇಡುಮಾಡುವದು.

ಗಟ್ಟಿ ಅಡಿಕೆಯನ್ನು ಕಡಿಯುವದರಿಂದ ತುಂಬಿದ ಹಲ್ಲು ಸೀಳಬಹುದು. ಅಡಿಕೆಯು ಬಾಯಿಯ ಕ್ಯಾನ್ಸರಿಗೂ ಕಾರಣವಾಗಿರುವದರಿಂದ ಅದನ್ನು ಬಿಡುವದೇ ಲೇಸು. ತುಂಬಿದ್ದರ ಅಂಚು ನಾಲಿಗೆಗೆ ಒರಟಾಗಿ ತಗಲಿದರೆ, ಸಂದಿಯಲ್ಲಿ ನೂಲು ಹರಿದರೆ, ತಣ್ಣೀರಿಗೆ ಹಲ್ಲು ಜುಮ್ಮೆಂದರೆ, ನೋವು ಬರುವ ತನಕ ಕಾಯಬೇಡಿರಿ. ಅನೇಕ ತಾಲೂಕು ಆಸ್ಪತ್ರೆಗಳಲ್ಲಿ ದಂತವೈದ್ಯರಿದ್ದಾರೆ. ಹೋದಾಗ ಆ ಹಲ್ಲನ್ನು ಯಾವ ವರುಷ ತುಂಬಿಸಿದಿರೆಂದು ಅವರಿಗೆ ತಿಳಿಸಿರಿ. ಹಳೆಯ ಚೀಟಿ ಇದ್ದರೆ ಅದನ್ನೂ ತೆಗೆದುಕೊಂಡು ಹೋಗಿರಿ.