ಮೊದಲು ಕೇಳು, ಆಮೇಲೆ ಬಿಚ್ಚು

ತಮ್ಮಾ, ನೀನು ಸ್ವಂತ ಅಂಗಡಿ ಇಡುತ್ತಿದ್ದೀಯ ಅಂತ ಕೇಳಿ ಖುಷಿಯಾಯಿತು. ಸುಟ್ಟ ಫ್ಯೂಸು, ಹೋದ ಬಲ್ಬು ಯಾರಾದರೂ ಪತ್ತೆ ಮಾಡುತ್ತಾರೆ. ಆದರೆ ಇಪ್ಪತ್ತು ವರ್ಷದ ಸಣ್ಣ ಕಾರೊಂದನ್ನು ತಂದು, "ದಾರೀಲಿ ಎರಡು ಸಲ ಆಫ್ ಆಯ್ತು, ಈಗ ನೋಡಿದ್ರೆ ಸರಿಯಾಗಿದೆ" ಅಂತ ಯಾರಾದರೂ ಹೇಳಿದರೆ, ನಿನ್ನ ವಿದ್ಯೆಗೆ ಪರೀಕ್ಷೆ ಅಲ್ಲಿಂದ ಶುರು.

ಆಗ ಸ್ಪ್ಯಾನರ್ ಮುಟ್ಟಬೇಡ. ಅವರನ್ನು ಕೂರಿಸಿ ಕೇಳು. ಇಂಜಿನ್ ಕಾದ ಮೇಲೋ, ತಣ್ಣಗಿದ್ದಾಗಲೋ? ಹಂಪ್ ಹತ್ತಿಳಿದಾಗಲೋ, ಮಳೆಯಲ್ಲೋ? ನಿಂತಾಗ ಡ್ಯಾಶ್‌ಬೋರ್ಡಿನ ದೀಪ ಉರಿಯುತ್ತಿತ್ತೋ, ಅದೂ ಆರಿತೋ? ಈ ಕೊನೆಯ ಪ್ರಶ್ನೆಯೇ ಅರ್ಧ ಕೆಲಸ ಮುಗಿಸುತ್ತದೆ. ಎಲ್ಲವೂ ಒಟ್ಟಿಗೆ ಹೋದರೆ ಬ್ಯಾಟರಿ ಟರ್ಮಿನಲ್, ಮೇನ್ ಫ್ಯೂಸ್, ಇಗ್ನಿಷನ್ ಸ್ವಿಚ್ಚಿನ ಕಡೆ ನೋಡು. ದೀಪ ಉರಿದು ಇಂಜಿನ್ ಮಾತ್ರ ನಿಂತರೆ ಇಗ್ನಿಷನ್ ಕಾಯಿಲ್, ಪೆಟ್ರೋಲ್ ಪಂಪಿನ ರಿಲೇ, ಅವುಗಳ ಕಪ್ಲರ್ ನೋಡು.

ನಾನು ಕೇಳದೆ ಕೆಟ್ಟಿದ್ದೇನೆ. ಕೆಲಸದ ಮೊದಲ ವರ್ಷಗಳಲ್ಲಿ ಒಬ್ಬ ಮೇಷ್ಟ್ರ ಕಾರು ಬಂತು. ಬೆಳಿಗ್ಗೆ ಸೆಲ್ಫ್ ಚೆನ್ನಾಗಿ ಎತ್ತುತ್ತಿತ್ತು, ಪೇಟೆಯಲ್ಲಿ ನಿಲ್ಲಿಸಿದರೆ ಟಕ್ ಅಂದು ಸುಮ್ಮನಾಗುತ್ತಿತ್ತು. ಹೊಸ ಬ್ಯಾಟರಿ ಹಾಕಿಸಿದೆ. ಆಮೇಲೆ ಸೆಲ್ಫ್ ಮೋಟರ್ ಬಿಚ್ಚಿ ಕಾರ್ಬನ್ ಬದಲಿಸಿದೆ. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಹಾಕಿದ ಹಾಗಾಯಿತು. ಮೂರನೇ ಸಲ ಬಂದಾಗ ಆಕ್ಸಿಲರೇಟರ್ ಕೇಬಲ್ಲಿಗೆ ಕೈ ತಾಗಿತು, ಅದು ಸುಡುತ್ತಿತ್ತು. ಆಗ ಕಣ್ಣು ತೆರೆಯಿತು. ಇಂಜಿನ್ ಕೂತಿರುವುದು ರಬ್ಬರ್ ಮೌಂಟ್ ಮೇಲೆ. ಆ ಕಾರಿನಲ್ಲಿ ಬ್ಯಾಟರಿಯ ಮೈನಸ್ ಬಾಡಿಗೆ ಹೋಗಿ, ಬಾಡಿಯಿಂದ ಇಂಜಿನ್ನಿಗೆ ಹೆಣೆದ ತಾಮ್ರದ ಅರ್ತ್ ಪಟ್ಟಿಯೊಂದು ಹೋಗಿತ್ತು. ಅದರ ಬೋಲ್ಟಿನ ಅಡಿ ಪೂರ್ತಿ ತುಕ್ಕು. ಸೆಲ್ಫ್ ಎಳೆಯುವ ನೂರಾರು ಆಂಪಿಯರ್ ಕರೆಂಟು ಬೇರೆ ದಾರಿ ಕಾಣದೆ ಆ ಸಪೂರ ಕೇಬಲ್ಲನ್ನು ಹಿಡಿದಿತ್ತು. ಉಜ್ಜಿ, ಹೊಳಪು ಬರಿಸಿ, ಬಿಗಿ ಮಾಡಿದೆ. ಅರ್ಧ ಗಂಟೆಯ ಕೆಲಸ. ಮೇಷ್ಟ್ರು ಬೈಯಲಿಲ್ಲ, ಅವರ ಸಂಬಳದಲ್ಲಿ ಕೊಂಡ ಆ ಬ್ಯಾಟರಿ ಮಾತ್ರ ಇವತ್ತಿಗೂ ನನ್ನನ್ನು ಚುಚ್ಚುತ್ತದೆ.

ಅದಕ್ಕೇ ಹೇಳುತ್ತೇನೆ, ಲೋಡ್ ಕೊಟ್ಟು ಅಳೆ. ಒಂದೇ ಎಳೆ ಉಳಿದ ವೈರೂ ಬರೀ ಮೀಟರಿಗೆ 12 ವೋಲ್ಟ್ ತೋರಿಸುತ್ತದೆ. ಹೆಡ್‌ಲೈಟ್ ಬಲ್ಬ್ ಹಚ್ಚಿದರೆ ಬಣ್ಣ ಬಯಲಾಗುತ್ತದೆ. ಮೀಟರಿನ ಒಂದು ಕಡ್ಡಿ ಬ್ಯಾಟರಿಯ ಮೈನಸ್ ಟರ್ಮಿನಲ್ ಮೇಲೆ, ಇನ್ನೊಂದು ಇಂಜಿನ್ ಬ್ಲಾಕಿನ ಮೇಲೆ ಇಟ್ಟು ಸೆಲ್ಫ್ ಹೊಡೆಸು. 0.2 ವೋಲ್ಟ್ ಆಸುಪಾಸು ಬಂದರೆ ಚಿಂತೆಯಿಲ್ಲ. 1 ವೋಲ್ಟ್ ದಾಟಿದರೆ ಅರ್ತ್ ಕೆಟ್ಟಿದೆ. ಇಂಡಿಕೇಟರ್ ಹಾಕಿದಾಗ ಪಕ್ಕದ ಟೇಲ್‌ಲೈಟೂ ಜೊತೆಗೆ ಮಿಣುಕುತ್ತಿದ್ದರೆ ಅಲ್ಲಿಯೂ ಮೊದಲು ಅರ್ತ್ ನೋಡು.

ಬಂದು ಹೋಗುವ ದೋಷವನ್ನು ನಿನ್ನ ಕಣ್ಣೆದುರು ಬರಿಸಬೇಕು. ಟೆಸ್ಟ್ ಲ್ಯಾಂಪ್ ಕಟ್ಟಿ ವೈರಿಂಗನ್ನು ಗೇಣು ಗೇಣಾಗಿ ಅಲುಗಾಡಿಸು. ದೀಪ ಮಿಟುಕಿದಲ್ಲೇ ಕೈ ನಿಲ್ಲಲಿ. ಬಾಗಿಲ ಸಂದು, ಡಿಕ್ಕಿಯ ಮಡಿಕೆ, ಹೀಗೆ ವೈರ್ ದಿನಾ ಬಾಗುವ ಕಡೆ ಮೇಲಿನ ಪ್ಲಾಸ್ಟಿಕ್ ಗಟ್ಟಿಯಾಗಿದ್ದು ಒಳಗಿನ ತಾಮ್ರ ಮುರಿದಿರುತ್ತದೆ. ಕಪ್ಲರ್ ಬಿಚ್ಚಿ ಹಸಿರು ಕಿಲುಬು ಇದೆಯಾ ನೋಡು. ಹಿಂದೆ ಯಾರೋ ಸ್ಟೀರಿಯೋ, ಹಾರ್ನ್ ಹಾಕಿ ಟೇಪ್ ಸುತ್ತಿದ ಗಂಟು ಕಂಡರೆ ಅದನ್ನು ಬಿಚ್ಚದೆ ಮುಂದೆ ಹೋಗಬೇಡ. ಫ್ಯೂಸ್ ಪದೇ ಪದೇ ಹೋಗುತ್ತದೆ ಅಂತ 10 ಆಂಪಿಯರಿನ ಜಾಗಕ್ಕೆ 30 ಹಾಕಬೇಡ. ಮುಂದಿನ ಸಲ ಸುಡುವುದು ವೈರು.

ಇಷ್ಟೆಲ್ಲ ಮಾಡಿಯೂ ಕೆಲವು ದಿನ ಸಿಗುವುದಿಲ್ಲ. ಆಗ, "ಸಿಗಲಿಲ್ಲ ಸಾರ್, ಮತ್ತೆ ನಿಂತಾಗ ದೀಪ ಉರಿಯುತ್ತಾ ನೋಡಿ ಹೇಳಿ" ಅಂತ ಗಾಡಿ ಕೊಟ್ಟು ಕಳಿಸು. ಸಿಗದ ದೋಷಕ್ಕೆ ಮಾತ್ರ ಬಿಲ್ ಬರೆಯಬೇಡ, ತಮ್ಮಾ.