ಆಣೆ ಮುರಿಯಲೇ, ಅಕ್ಕ?

ಪ್ರಶ್ನೆ: ನಾನು ದೇವದುರ್ಗ ತಾಲ್ಲೂಕಿನವಳು. ರಾಯಚೂರಿನ ಹಾಸ್ಟೆಲಿನಲ್ಲಿದ್ದು ಪಿಯುಸಿ ಓದುತ್ತಿದ್ದೇನೆ. ರೂಮಿನ ಗೆಳತಿ ಮಾನ್ವಿ ಕಡೆಯವಳು. ಅವಳ ಅಪ್ಪ, ಅವ್ವ ಬೆಂಗಳೂರಿಗೆ ಗುಳೆ ಹೋಗಿದ್ದಾರೆ. ಒಂದು ತಿಂಗಳಿಂದ ಅವಳು ಸರಿಯಾಗಿ ಉಣ್ಣುತ್ತಿಲ್ಲ, ರಾತ್ರಿಯೆಲ್ಲ ಎಚ್ಚರವೇ ಇರುತ್ತಾಳೆ. ಮೊನ್ನೆ ‘ನಾನು ಇರೋದೇ ಬ್ಯಾಡ ಅನ್ನಿಸ್ತದ’ ಎಂದು ಅತ್ತಳು. ಯಾರಿಗೂ ಹೇಳಬಾರದೆಂದು ತಲೆ ಮೇಲೆ ಕೈ ಇಡಿಸಿ ಆಣೆ ಮಾಡಿಸಿಕೊಂಡಿದ್ದಾಳೆ. ಈಗ ನನಗೂ ನಿದ್ದೆ ಇಲ್ಲ. ಏನು ಮಾಡಲಿ?
– ಹೆಸರು ಬೇಡ

ಉತ್ತರ: ತಂಗಿ, ಇನ್ನೊಬ್ಬರ ಜೀವದ ಭಾರವನ್ನು ಒಬ್ಬಳೇ ಹೊತ್ತು ಕೂತಿದ್ದೀಯ. ನಿದ್ದೆ ಬಾರದಿರುವುದು ಸಹಜ. ಆಣೆ ಮುರಿದರೆ ಗೆಳೆತನ ಹೋದೀತು, ಮುರಿಯದಿದ್ದರೆ ಗೆಳತಿಯೇ ಹೋದಾಳು ಎಂದು ಒದ್ದಾಡುತ್ತಿದ್ದೀಯ. ಯಾವ ಭಯ ದೊಡ್ಡದೆಂದು ನಿನಗೆ ಗೊತ್ತಿದೆ, ಅದಕ್ಕೇ ನನಗೆ ಬರೆದಿದ್ದೀಯ.

ಯಾರಿಗೂ ಗೊತ್ತಾಗಲೇಬಾರದು ಎನ್ನುವವಳು ನಿನಗೂ ಹೇಳುತ್ತಿರಲಿಲ್ಲ. ಸಾಯಬೇಕು ಎನ್ನುವವರಲ್ಲಿ ಬಹಳ ಮಂದಿ ಬಯಸುವುದು ಆ ನೋವು ನಿಂತರೆ ಸಾಕು ಎಂದು. ಅವಳ ಒಂದು ಮನಸ್ಸು ಎಲ್ಲ ಸಾಕೆನ್ನುತ್ತಿದ್ದರೆ ಇನ್ನೊಂದು ನಿನ್ನ ಕೈ ಹಿಡಿದುಕೊಂಡಿದೆ. ಆ ಕೈಯನ್ನು ಬಿಡಬೇಡ. ಈ ಆಣೆ ಮುರಿದರೆ ಪಾಪವಿಲ್ಲ.

ಅವಳಿಗೆ ಏನಾಗಿದೆ ಎಂಬುದನ್ನು ವೈದ್ಯರೇ ನೋಡಿ ಹೇಳಬೇಕು. ಎರಡು ವಾರ ದಾಟಿದರೂ ಮನಸ್ಸು ಕುಗ್ಗಿಯೇ ಇದ್ದು, ಊಟ, ನಿದ್ದೆ ಕೆಟ್ಟಿದ್ದರೆ ಅದು ಖಿನ್ನತೆ ಇರಬಹುದು. ಅದಕ್ಕೆ ಚಿಕಿತ್ಸೆ ಇದೆ. ಸೋಮಾರಿತನ, ಸೊಕ್ಕು, ಗಾಳಿ ಸೋಕಿದೆ ಎನ್ನುವವರು ನಮ್ಮ ಕಡೆ ಇದ್ದಾರೆ. ಗುಡಿಗೋ ದರ್ಗಾಕ್ಕೋ ಕರೆದೊಯ್ಯುವ ಹಿರಿಯರ ಪ್ರೀತಿಯನ್ನು ನಾನು ಹಳಿಯಲಾರೆ. ಹೋಗಿ ಬರಲಿ, ಆಸ್ಪತ್ರೆಗೂ ಹೋಗಲಿ. ಗುಳೆ ಹೋದ ಅಪ್ಪ, ಅವ್ವನನ್ನು ಬಯ್ಯುವುದೂ ಬೇಡ. ಮಗಳ ಓದಿಗಾಗಿಯೇ ಹೋಗಿರಬಹುದು. ಅವಳ ಪಾಲಿಗೆ ಮನೆಯೆಂದರೆ ಈಗ ಒಂದು ಫೋನು. ಅದರಲ್ಲೂ ‘ಆರಾಮ ಅದೀನವ್ವ’ ಎಂದಷ್ಟೇ ಹೇಳಿ ಇಟ್ಟುಬಿಡುವ ಮಕ್ಕಳು ನಮ್ಮ ಹಾಸ್ಟೆಲುಗಳಲ್ಲಿ ಎಷ್ಟೋ ಜನ.

ಇವತ್ತೇ ಅವಳ ಪಕ್ಕ ಕೂತು ನೇರವಾಗಿ ಕೇಳು: ‘ಸಾಯಬೇಕು ಅನ್ನಿಸ್ತದೇನು?’ ಕೇಳಿದರೆ ಇಲ್ಲದ ಯೋಚನೆ ತಲೆಗೆ ಹೊಕ್ಕೀತೆಂಬುದು ತಪ್ಪು ತಿಳಿವಳಿಕೆ. ಕೇಳಿದಾಗ ಎಷ್ಟೋ ಮಂದಿಗೆ ಎದೆ ಹಗುರಾಗುತ್ತದೆ. ‘ನಿನಗಿಂತ ಕಷ್ಟ ಇರೋರಿಲ್ಲೇನು’ ಎನ್ನಬೇಡ. ಸುಮ್ಮನೆ ಕೇಳಿಸಿಕೋ. ಆಮೇಲೆ ಹೇಳು: ‘ಈ ಆಣಿ ಇಟ್ಕೊಳ್ಳಾಕ ನನ್ನ ಕೈಲಿ ಆಗಂಗಿಲ್ಲ, ನೀ ನನಗ ಬೇಕು. ಇಬ್ಬರೂ ಕೂಡಿ ಹೇಳೋಣು.’ ಸಿಟ್ಟಾದಾಳು, ಆಗಲಿ. ವಾರ್ಡನ್‌ಗೋ ನಂಬಿಕೆಯ ಉಪನ್ಯಾಸಕರಿಗೋ ತಿಳಿಸು. ಒಬ್ಬರು ಕಿವಿಗೊಡದಿದ್ದರೆ ಇನ್ನೊಬ್ಬರಿಗೆ. ಅಲ್ಲಿಯವರೆಗೆ ಅವಳನ್ನು ಒಂಟಿಯಾಗಿ ಬಿಡಬೇಡ.

ಇದನ್ನು ಓದುತ್ತಿರುವ ಹಿರಿಯರಿಗೂ ಒಂದು ಮಾತು. ಹತ್ತಿಗೆ, ಭತ್ತಕ್ಕೆ ಹೊಡೆಯುವ ಔಷಧಿಗೆ ಬೀಗವಿರಲಿ, ಕೀಲಿ ನಿಮ್ಮ ಹತ್ತಿರವೇ ಇರಲಿ. ಪೊಲೀಸ್ ಕೇಸಾದೀತೆಂದು ಹೆದರಿ ಏನನ್ನೂ ಮುಚ್ಚಿಡಬೇಡಿ. ಜೀವ ಕಳೆದುಕೊಳ್ಳುವ ಪ್ರಯತ್ನ ಮಾಡಿದವರು ತೀವ್ರ ಒತ್ತಡದಲ್ಲಿದ್ದರೆಂದೇ ತಿಳಿದು ಆರೈಕೆ ಕೊಡಬೇಕೆಂದು 2017ರ ಮಾನಸಿಕ ಆರೋಗ್ಯ ಕಾಯ್ದೆ ಹೇಳುತ್ತದೆ.

ಚಿಕಿತ್ಸೆಗೆ ಬೆಂಗಳೂರಿಗೇ ಓಡಬೇಕಿಲ್ಲ. ರಾಯಚೂರಿನಲ್ಲೇ ರಿಮ್ಸ್ ಆಸ್ಪತ್ರೆಯ ಮನೋವೈದ್ಯರಿದ್ದಾರೆ. ಮನೋಚೈತನ್ಯ ಕಾರ್ಯಕ್ರಮದಡಿ ತಾಲ್ಲೂಕು ಆಸ್ಪತ್ರೆಗಳಲ್ಲಿ ಮಂಗಳವಾರ ಮನೋವೈದ್ಯರು ನೋಡುತ್ತಾರೆ. ದೇವದುರ್ಗ, ಮಾನ್ವಿಯವರು ಯಾವ ಮಂಗಳವಾರವೆಂದು ವಿಚಾರಿಸಿಕೊಳ್ಳಿ. 10ರಿಂದ 19 ವರ್ಷದವರಿಗೆಂದೇ ಸರ್ಕಾರದ ಸ್ನೇಹ ಕ್ಲಿನಿಕ್‌ಗಳಿವೆ. ಮಾನಸಿಕ ಆರೋಗ್ಯದ ಸಹಾಯವಾಣಿ ಟೆಲಿ ಮಾನಸ್ ಸಂಖ್ಯೆ 14416: ಹಗಲು ರಾತ್ರಿ ಉಚಿತ, ಕನ್ನಡದಲ್ಲೇ ಮಾತಾಡಬಹುದು. ನಿನ್ನ ಸಂಕಟ ಹೇಳಿಕೊಳ್ಳಲೂ ಅದೇ ಸಂಖ್ಯೆ. ಮಕ್ಕಳ ಸಹಾಯವಾಣಿ 1098. ಜೀವಕ್ಕೆ ಅಪಾಯವೆನ್ನಿಸಿದ ಕ್ಷಣದಲ್ಲಿ 112.

ಈ ರಾತ್ರಿ ಊಟಕ್ಕೆ ಮೊದಲೇ ವಾರ್ಡನ್ ಬಾಗಿಲು ತಟ್ಟು, ತಂಗಿ. ಬಾಯಿಂದ ಮಾತು ಹೊರಡದಿದ್ದರೆ ಈ ಪುಟವನ್ನೇ ಹರಿದು ಅವರ ಕೈಗೆ ಕೊಡು.