ಪದ ಓಡಿತು, ಕುಣಿತ ನಿಂತಿತು

ನಮ್ಮಮ್ಮನಿಗೆ ಎಪ್ಪತ್ತೆಂಟು ವರ್ಷ. ಯಕ್ಷಗಾನದ ಆಟಕ್ಕೆ ಹೋಗಿ ರಾತ್ರಿಯಿಡೀ ಕೂರುವ ತ್ರಾಣ ಈಗಿಲ್ಲ. ಊಟವಾದ ಮೇಲೆ ಯೂಟ್ಯೂಬಿನಲ್ಲಿ ಬಡಗುತಿಟ್ಟಿನ ಒಂದು ಪ್ರಸಂಗ ಹಾಕಿಕೊಟ್ಟರೆ ಹತ್ತೂವರೆಯವರೆಗೆ ಯಾರ ಗೊಡವೆಯೂ ಬೇಡ. ಮೊಬೈಲು ಅವರ ಕಣ್ಣಿಗೆ ಸಾಲದು. ಟಿವಿಗೂ ಇಂಟರ್ನೆಟ್ಟಿಗೂ ನಂಟಿಲ್ಲ. ಹೀಗಾಗಿ ನಾನು 2013ರಲ್ಲಿ ಕೊಂಡು, ಆಫೀಸಿನಿಂದ ಹೊಸದು ಸಿಕ್ಕಮೇಲೆ ಮೂಲೆಗಿಟ್ಟಿದ್ದ ಲ್ಯಾಪ್‌ಟಾಪೇ ಅವರ ರಂಗಸ್ಥಳ.

ಕಳೆದ ಮಳೆಗಾಲದಲ್ಲಿ ತೊಂದರೆ ಶುರುವಾಯಿತು. ಭಾಗವತರ ಪದ ಏರುತ್ತದೆ, ಚಂಡೆ ಬೀಳುತ್ತದೆ, ಮಂಡಿ ಕುಣಿಯಬೇಕಾದ ವೇಷಧಾರಿ ಮಾತ್ರ ಒಂದು ಕೈ ಮೇಲೆತ್ತಿ ಕಲ್ಲಿನಂತೆ ನಿಂತಿರುತ್ತಾನೆ. ಎರಡು ಕ್ಷಣ ಬಿಟ್ಟು ರಂಗಸ್ಥಳದ ಆ ತುದಿಯಲ್ಲಿ ಪ್ರತ್ಯಕ್ಷನಾಗುತ್ತಾನೆ. ಲ್ಯಾಪ್‌ಟಾಪಿನ ಫ್ಯಾನು ಹಿಟ್ಟಿನ ಗಿರಣಿಯಂತೆ ಸದ್ದು ಮಾಡುತ್ತದೆ. 'ಪದ ಸರಿಯಾಗೇ ಕೇಳ್ತಿದ್ಯಲ್ಲೋ ಮಾರಾಯ, ಕುಣಿತ ಮಾತ್ರ ನಿಂತುಹೋಗತ್ತೆ' ಎಂದರು ಅಮ್ಮ. ರೋಗದ ಹೆಸರು ಅವರ ಆ ಮಾತಿನಲ್ಲೇ ಇತ್ತು. ಹಣಕಾಸಿನ ಬಗ್ಗೆ ಪ್ರತಿ ವಾರ ಬರೆಯುವ ನನಗೆ ಅದು ಕೇಳಿಸಲಿಲ್ಲ.

ನನ್ನ ಮೊದಲ ಅನುಮಾನ ನೆಟ್ ಮೇಲೆ. ಮನೆಗೆ 30 ಎಂಬಿಪಿಎಸ್‌ನ ಪ್ಲ್ಯಾನ್ ಇತ್ತು, ತಿಂಗಳಿಗೆ 499. ಫೋನಾಯಿಸಿದರೆ ಆ ಕಡೆಯ ಹುಡುಗ 'ಸಾರ್, ನೂರಕ್ಕೆ ಹೋಗಿಬಿಡಿ' ಅಂದ. 799ರ ಪ್ಲ್ಯಾನು. ಮುನ್ನೂರು ತಾನೆ ಎಂದುಕೊಂಡೆ. ಮುನ್ನೂರಲ್ಲ, ಶೇಕಡಾ 18ರ ಜಿಎಸ್‌ಟಿ ಸೇರಿ 354. ಆರು ತಿಂಗಳಿಗೆ ಮುಂಗಡ ಕಟ್ಟಿದ್ದರಿಂದ 2,124 ರೂಪಾಯಿ ಹೆಚ್ಚುವರಿ ಹೋಯಿತು. ಅಂದು ರಾತ್ರಿಯೂ ವೇಷಧಾರಿ ಕೈ ಎತ್ತಿಯೇ ನಿಂತಿದ್ದ. 720ಪಿ ವಿಡಿಯೋಗೆ 2.5 ಎಂಬಿಪಿಎಸ್, 1080ಪಿಗೆ 5 ಸಾಕೆಂದು ಯೂಟ್ಯೂಬಿನವರೇ ತಮ್ಮ ಸಹಾಯ ಪುಟದಲ್ಲಿ ಹಾಕಿದ್ದಾರೆ ಎಂಬುದನ್ನು ಆಮೇಲೆ ಓದಿದೆ. ನನ್ನ ಹಳೆಯ ಪ್ಲ್ಯಾನಿನಲ್ಲಿ ಅಮ್ಮನ ಜೊತೆಗೆ ಕೇರಿಯ ನಾಲ್ಕು ಮನೆಯವರು ಕೂತು ಬೇರೆ ಬೇರೆ ಪ್ರಸಂಗ ನೋಡಬಹುದಿತ್ತು.

ಎರಡನೆಯ ಅನುಮಾನ ಲ್ಯಾಪ್‌ಟಾಪಿನ ಮೇಲೆಯೇ. ರಿಪೇರಿ ಅಂಗಡಿಯಲ್ಲಿ 4 ಜಿಬಿ ರ‍್ಯಾಮ್ ಹಾಕಿಸಿದೆ, 1,400. ಫಾರ್ಮ್ಯಾಟ್ ಮಾಡಿದ್ದಕ್ಕೆ 600. ಯಂತ್ರ ಬೇಗ ತೆರೆದುಕೊಳ್ಳತೊಡಗಿತು, ಅದನ್ನು ಒಪ್ಪಬೇಕು. ಕುಣಿತ ಮಾತ್ರ ಹಾಗೇ. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಎಳೆಯುವುದರಲ್ಲಿ ನಾನು ಎರಡು ಎಮ್ಮೆ ಮುಗಿಸಿದ್ದೆ.

ಮೂರನೆಯದು ಶೋರೂಮಿನಲ್ಲಿತ್ತು, ಹೊಸ ಲ್ಯಾಪ್‌ಟಾಪ್. ಬೆಲೆ 41,990, ಕ್ರೆಡಿಟ್ ಕಾರ್ಡಿನ ಮೇಲೆ ಒಂಬತ್ತು ತಿಂಗಳ ನೋ ಕಾಸ್ಟ್ ಇಎಂಐ. ಈ ಹೆಸರು ಕೇಳಿದಾಗಲೆಲ್ಲ ನನಗೆ ನಗು ಬರುತ್ತದೆ, ಆದರೂ ಅರ್ಜಿಗೆ ಪೆನ್ನು ಹಿಡಿದಿದ್ದೆ. ಬ್ಯಾಂಕು ಬಡ್ಡಿ ಹಾಕಿಯೇ ಹಾಕುತ್ತದೆ. ಆ ಬಡ್ಡಿಯಷ್ಟನ್ನು ಬೆಲೆಯಲ್ಲಿ ಮೊದಲೇ ಇಳಿಸಿ ತೋರಿಸುತ್ತಾರೆ, ಅಷ್ಟೆ. ಬಡ್ಡಿಯ ಮೇಲಿನ ಜಿಎಸ್‌ಟಿಯನ್ನು ಯಾರೂ ಇಳಿಸುವುದಿಲ್ಲ, ಅದು ನಮ್ಮ ತಲೆಯ ಮೇಲೆ. ಶೇಕಡಾ 16ರ ಬಡ್ಡಿಯೆಂದರೆ ಒಂಬತ್ತು ತಿಂಗಳಿಗೆ ಸುಮಾರು 2,670 ರೂಪಾಯಿ ಬಡ್ಡಿ, ಅದಕ್ಕೆ 480ರಷ್ಟು ಜಿಎಸ್‌ಟಿ. ಪ್ರೊಸೆಸಿಂಗ್ ಫೀ 199, ಅದಕ್ಕೂ ಜಿಎಸ್‌ಟಿ. ನಗದು ಕೊಟ್ಟರೆ ಎರಡು ಸಾವಿರ ಬಿಡುತ್ತೇನೆಂದು ಶೋರೂಮಿನ ಮಾಲೀಕರೇ ಹೇಳಿದ್ದರು. ಅದನ್ನೂ ಸೇರಿಸಿದರೆ 'ನೋ ಕಾಸ್ಟ್'ನ ಕಾಸ್ಟು 2,700 ದಾಟುತ್ತದೆ.

ಅವತ್ತು ಆಧಾರ್ ಕಾರ್ಡು ಮನೆಯಲ್ಲಿ ಮರೆತಿದ್ದೆ, ಬಚಾವಾದೆ. ತರಲು ಹೋದಾಗ ತಂಗಿಯ ಮಗಳು ಬಂದಿದ್ದಳು, ಇಂಜಿನಿಯರಿಂಗ್ ಎರಡನೇ ವರ್ಷ. ಅಜ್ಜಿಯ ಪಕ್ಕ ಕೂತು ಹತ್ತು ನಿಮಿಷ ಆಟ ನೋಡಿದವಳು ಕೇಳಿದ್ದು ಒಂದೇ ಪ್ರಶ್ನೆ. 'ಮಾವ, ನೆಟ್ ಸ್ಲೋ ಆಗಿದ್ರೆ ಚಕ್ರ ತಿರುಗ್ತಾ ಪದಾನೂ ನಿಲ್ಬೇಕಲ್ವಾ?'

ಹೌದಲ್ಲ! ಡೇಟಾ ಬರದಿದ್ದರೆ ದನಿ, ಚಿತ್ರ ಎರಡೂ ನಿಲ್ಲುತ್ತವೆ. ದನಿ ಓಡಿ ಚಿತ್ರ ತೊದಲಿದರೆ ಡೇಟಾ ಬಂದಿದೆ, ಅದನ್ನು ಬಿಡಿಸಲು ಯಂತ್ರಕ್ಕೆ ಕೈಸಾಗುತ್ತಿಲ್ಲ ಎಂದೇ ಅರ್ಥ. ದನಿಯನ್ನು ಬಿಡಿಸುವುದು ಹಗುರದ ಕೆಲಸ, ಚಿತ್ರವನ್ನು ಬಿಡಿಸುವುದು ಭಾರ. ಅವಳು ವಿಡಿಯೋ ಮೇಲೆ ಮೌಸಿನ ಬಲಗುಂಡಿ ಒತ್ತಿ 'ಸ್ಟ್ಯಾಟ್ಸ್ ಫಾರ್ ನರ್ಡ್ಸ್' ತೆರೆದಳು. ಅದರಲ್ಲಿ ಕೊಡೆಕ್ ಎಂಬ ಸಾಲಿನಲ್ಲಿ 'ವಿಪಿ09' ಎಂದಿತ್ತು. ಯಂತ್ರ ಕೈಬಿಟ್ಟ ಫ್ರೇಮುಗಳ ಸಂಖ್ಯೆ ಆಟೋ ಮೀಟರಿನಂತೆ ಏರುತ್ತಿತ್ತು.

ಸಂಗತಿ ಇಷ್ಟು. ವಿಡಿಯೋವನ್ನು ಒತ್ತಿ ಕಟ್ಟಿ ಕಳಿಸುವ ಕ್ರಮಕ್ಕೆ ಕೊಡೆಕ್ ಎನ್ನುತ್ತಾರೆ. ಎಚ್.264 ಎಂಬ ಕ್ರಮ 2003ರದು, ವಿಪಿ9 ಸಿದ್ಧವಾದದ್ದು 2013ರಲ್ಲಿ, ಎವಿ1 ಬಂದದ್ದು 2018ರಲ್ಲಿ. ಹೊಸ ಕ್ರಮಗಳಲ್ಲಿ ಕಡಿಮೆ ಡೇಟಾಕ್ಕೆ ಅದೇ ಅಂದದ ಚಿತ್ರ ಬರುತ್ತದೆ. ಆದರೆ ಗಂಟು ಬಿಚ್ಚುವ ಕೆಲಸ ಹೆಚ್ಚು. ನನ್ನ ಲ್ಯಾಪ್‌ಟಾಪಿನಲ್ಲಿರುವುದು ಮೂರನೇ ತಲೆಮಾರಿನ ಐ3, 2012ರ ವಿನ್ಯಾಸ. ಎಚ್.264ರ ಗಂಟು ಬಿಚ್ಚಲು ಅದರ ಚಿಪ್ಪಿನಲ್ಲೇ ಪ್ರತ್ಯೇಕ ವ್ಯವಸ್ಥೆ ಇದೆ. ವಿಪಿ9 ಹುಟ್ಟುವ ಮೊದಲೇ ತಯಾರಾದ ಚಿಪ್ಪಾದ್ದರಿಂದ ಅದಕ್ಕಿಲ್ಲ. ಆ ಹೊರೆಯೆಲ್ಲ ಪ್ರೊಸೆಸರಿನ ಬೆನ್ನಿಗೆ ಬಿದ್ದು, ಅದು ಕಾದು, ಫ್ಯಾನು ಕೂಗಿ, ತಡೆಯಲಾರದೆ ತನ್ನ ವೇಗವನ್ನು ತಾನೇ ಇಳಿಸಿಕೊಳ್ಳುತ್ತಿತ್ತು. ಸಾಲದೆಂಬಂತೆ ಅಮ್ಮನಿಗೆ ಸ್ಪಷ್ಟವಾಗಿ ಕಾಣಲೆಂದು ನಾನೇ 1080ಪಿ ಇಟ್ಟುಕೊಟ್ಟಿದ್ದೆ. ಆ ಪರದೆ ಇರುವುದೇ 1366 × 768. ಹೆಚ್ಚಿನ ಚುಕ್ಕಿಗಳನ್ನು ತೋರಿಸಲು ಅದರಲ್ಲಿ ಜಾಗವೇ ಇಲ್ಲ.

ಹುಡುಗಿ 720ಪಿಗೆ ಇಳಿಸಿದಳು. ಬ್ರೌಸರಿಗೆ 'ಎಚ್264ಇಫೈ' ಎಂಬ ಉಚಿತ ಎಕ್ಸ್‌ಟೆನ್ಷನ್ ಸೇರಿಸಿದಳು, ಅದು ಹಳೆಯ ಕ್ರಮದ ವಿಡಿಯೋವನ್ನೇ ಕೇಳಿ ತರಿಸುತ್ತದೆ. ಸೆಟ್ಟಿಂಗ್ಸಿನಲ್ಲಿ ಹಾರ್ಡ್‌ವೇರ್ ಆಕ್ಸೆಲರೇಷನ್ ಆಫ್ ಆಗಿತ್ತು, ಆನ್ ಮಾಡಿದಳು. ಪುಟ ಮತ್ತೆ ತೆರೆದಾಗ 'ವಿಪಿ09' ಹೋಗಿ 'ಎವಿಸಿ1', ಅಂದರೆ ಎಚ್.264, ಬಂತು, ಮೀಟರು ನಿಂತಿತು. ಖರ್ಚು ಸೊನ್ನೆ. ಮಾರನೆಯ ದಿನ ಫ್ಯಾನಿನ ಧೂಳು ತೆಗೆಸಿ ಥರ್ಮಲ್ ಪೇಸ್ಟ್ ಹಚ್ಚಿಸಿದ್ದಕ್ಕೆ 150. ಅಲ್ಲಿಂದ ಹೊರಬಂದ ಧೂಳಿನಲ್ಲಿ ಒಂದು ದೀಪದ ಬತ್ತಿ ಹೊಸೆಯಬಹುದಿತ್ತು.

ಇದಕ್ಕೂ ಒಂದು ಬೆಲೆಯಿದೆ. ಎಚ್.264ಗೆ ಡೇಟಾ ಜಾಸ್ತಿ ಬೇಕು. ಮನೆಯ ಬ್ರಾಡ್‌ಬ್ಯಾಂಡಿಗೆ ಅದು ಲೆಕ್ಕಕ್ಕಿಲ್ಲ. ಮೊಬೈಲ್ ಹಾಟ್‌ಸ್ಪಾಟಿನಲ್ಲಿ ನೋಡುವವರು ದಿನದ ಕೋಟಾ ನೋಡಿಕೊಳ್ಳಬೇಕು.

ಹಳೆಯ ಯಂತ್ರವನ್ನು ಸಾಯುವವರೆಗೆ ದುಡಿಸಿ ಎಂದು ನಾನು ಹೇಳುತ್ತಿಲ್ಲ. ವಿಂಡೋಸ್ 10ರ ಮಾಮೂಲಿ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿದಿದೆ. ವಿಂಡೋಸ್ 11ರ ಪಟ್ಟಿಯಲ್ಲಿ ಮೂರನೇ ತಲೆಮಾರಿನ ಚಿಪ್ಪುಗಳಿಗೆ ಜಾಗವಿಲ್ಲ. ಆದ್ದರಿಂದ ಆ ಲ್ಯಾಪ್‌ಟಾಪಿನಲ್ಲಿ ನೆಟ್‌ಬ್ಯಾಂಕಿಂಗ್ ನಿಲ್ಲಿಸಿದ್ದೇನೆ, ಉಳಿಸಿಟ್ಟ ಪಾಸ್‌ವರ್ಡುಗಳನ್ನೂ ಅಳಿಸಿದ್ದೇನೆ. ಬ್ಯಾಂಕಿನ ಕೆಲಸಕ್ಕೆ ಅದೊಂದೇ ಕಂಪ್ಯೂಟರ್ ಇರುವ ಮನೆಯಾದರೆ ಹೊಸದು ಕೊಳ್ಳಲು ಅದೇ ಸಾಕಷ್ಟು ಕಾರಣ. ಕುಣಿತ ನಿಂತದ್ದು ಮಾತ್ರ ಕಾರಣವಲ್ಲ.

ನನ್ನ ಲೆಕ್ಕದ ಪುಸ್ತಕದಲ್ಲಿ ಈಗ ಹೀಗಿದೆ: ಒಟ್ಟು ಖರ್ಚು 4,274, ಬೇಕಾಗಿದ್ದದ್ದು 150. ಫಾರ್ಮ್ಯಾಟಿನಿಂದ ಹೋದ ಅಮ್ಮನ ಬುಕ್‌ಮಾರ್ಕುಗಳಿಗೆ ಬೆಲೆ ಕಟ್ಟಿಲ್ಲ, ಅವರು ಮಾತ್ರ ಆಗಾಗ ಕಟ್ಟುತ್ತಾರೆ. ನೂರು ಎಂಬಿಪಿಎಸ್‌ನ ಪ್ಲ್ಯಾನ್ ಮುಗಿಯಲು ಇನ್ನೂ ಎರಡು ತಿಂಗಳಿದೆ.